ಅಕ್ಕನ ಬಯಾಪ್ಸಿ ವರದಿಯ ಕುರಿತು

ಪ್ರೀತಿಯ ಅಕ್ಕನಿಗೆ,

ನಮಸ್ಕಾರಗಳು. ನೀನು ಕಳುಹಿಸಿದ ಗರ್ಭಕಂಠದ ಬಯಾಪ್ಸಿ ವರದಿಯನ್ನು ಗಮನವಿಟ್ಟು ಓದಿದೆ. ಎಚ್‌ಪಿವಿ 16 (ಗರ್ಭಕಂಠದ ಕ್ಯಾನ್ಸರಿಗೆ ಕಾರಣವಾಗಬಲ್ಲ ವೈರಸ್ಸಿನ 16ನೇ ಬಗೆ) ಪಾಸಿಟಿವ್, ಸಿಐಎನ್-1 (ಗರ್ಭಕಂಠದ ಪದರದ ಕೋಶಗಳಲ್ಲಾಗುವ ಅಸಹಜ ಬದಲಾವಣೆಯ ಮೂರು ಹಂತಗಳಲ್ಲಿ ಅತಿ ಸೌಮ್ಯವಾದದ್ದು), ಕೆಐ-67 ಎಂಬ ಪ್ರೋಟೀನು ಆ ಪದರದ ಕೆಳಗಿನ ಮೂರನೇ ಒಂದು ಭಾಗಕ್ಕೆ ಸೀಮಿತ ಎಂದಿದೆ. ಇದು ಕ್ಯಾನ್ಸರ್ ಅಲ್ಲ. ಆದರೆ ಅಷ್ಟು ಹೇಳಿದರೆ ನಿನಗೆ ಸಮಾಧಾನವಾಗುವುದಿಲ್ಲವೆಂದು ಬಲ್ಲೆ. ಇಲ್ಲಿನ ಪ್ರಯೋಗಾಲಯದಲ್ಲಿ ಇಂಥ ಸ್ಲೈಡುಗಳನ್ನೇ ನೋಡುವವಳಾದ್ದರಿಂದ ವಿವರವಾಗಿಯೇ ಬರೆಯುತ್ತಿದ್ದೇನೆ.

ಗರ್ಭಕಂಠವನ್ನು ಹೊದ್ದಿರುವ ಪದರದಲ್ಲಿ ಜೀವಕೋಶಗಳು ವಿಭಜನೆಯಾಗುವುದು ತಳದ ಸಮೀಪದಲ್ಲಿ ಮಾತ್ರ. ಅಲ್ಲಿ ಹುಟ್ಟಿದ ಕೋಶಗಳು ವಿಭಜನೆಯನ್ನು ನಿಲ್ಲಿಸಿ, ಬಲಿಯುತ್ತಾ ಮೇಲಕ್ಕೆ ಸರಿದು, ಕೊನೆಗೆ ಉದುರಿಹೋಗುತ್ತವೆ. ಎಚ್‌ಪಿವಿ ಕಣ್ಣಿಗೆ ಕಾಣದಷ್ಟು ಸಣ್ಣ ತರಚುಗಳ ಮೂಲಕ ತಳದ ಕೋಶಗಳನ್ನು ಹೊಗುತ್ತದೆ. ತನ್ನ ಡಿಎನ್‌ಎ ನಕಲಾಗಬೇಕಾದರೆ ಅದು ಬಹುಮಟ್ಟಿಗೆ ಕೋಶದ ವ್ಯವಸ್ಥೆಯನ್ನೇ ಅವಲಂಬಿಸಬೇಕು, ಆದರೆ ಮೇಲಕ್ಕೆ ಸರಿದ ಕೋಶ ಆ ವ್ಯವಸ್ಥೆಯನ್ನು ಮುಚ್ಚಿಬಿಟ್ಟಿರುತ್ತದೆ. ಆದ್ದರಿಂದ ವೈರಸ್ಸಿನ ಇ7 ಎಂಬ ಪ್ರೋಟೀನು, ವಿಭಜನೆಗೆ ಬ್ರೇಕಿನಂತಿರುವ ಆರ್‌ಬಿ ಪ್ರೋಟೀನನ್ನು ಹಿಡಿದು ನಿಷ್ಕ್ರಿಯಗೊಳಿಸುತ್ತದೆ. ಹೀಗೆ ಹೊತ್ತಲ್ಲದ ಹೊತ್ತಿನಲ್ಲಿ ವಿಭಜನೆಗಿಳಿದ ಕೋಶವನ್ನು ಪಿ53 ಎಂಬ ಇನ್ನೊಂದು ಪ್ರೋಟೀನು ತಡೆಯಬೇಕು, ಇಲ್ಲವೇ ಸಾಯಿಸಬೇಕು. ವೈರಸ್ಸಿನ ಇ6 ಅದನ್ನೂ ನಾಶಮಾಡಿಸುತ್ತದೆ. ಕ್ಯಾನ್ಸರಿನಿಂದ ವೈರಸ್ಸಿಗೆ ಯಾವ ಲಾಭವೂ ಇಲ್ಲ, ಅದಕ್ಕೆ ಬೇಕಾಗಿರುವುದು ತನ್ನ ಸಂತತಿ ಮಾತ್ರ ಎಂಬುದು ನನಗೆ ಈಗಲೂ ವಿಚಿತ್ರವಾಗಿ ತೋರುತ್ತದೆ.

ಕೆಐ-67 ಎಂಬುದು ವಿಭಜನೆಯ ಹಾದಿಯಲ್ಲಿರುವ ಕೋಶಗಳಲ್ಲಿ ಇದ್ದು, ವಿಶ್ರಾಂತಿಯಲ್ಲಿರುವ ಕೋಶಗಳಲ್ಲಿ ಇರದ ಪ್ರೋಟೀನು. ಬಣ್ಣ ಹಾಕಿ ನೋಡಿದಾಗ ಅದು ತಳದಿಂದ ಎಷ್ಟು ಎತ್ತರದವರೆಗೆ ಕಾಣುತ್ತದೆ ಎಂಬುದು, ವೈರಸ್ಸಿನ ಒತ್ತಡಕ್ಕೆ ಎಷ್ಟು ಪದರಗಳು ಮಣಿದಿವೆ ಎಂಬುದನ್ನು ತಿಳಿಸುತ್ತದೆ. ಸಿಐಎನ್-3ರಲ್ಲಿ ಅದು ಹೆಚ್ಚುಕಡಿಮೆ ಇಡೀ ದಪ್ಪವನ್ನು ಆವರಿಸಿರುತ್ತದೆ. ಆ ಹಂತದಲ್ಲಿ ಎಷ್ಟೋ ವೇಳೆ ವೈರಸ್ಸಿನ ಡಿಎನ್‌ಎ ಕೋಶದ ಡಿಎನ್‌ಎಗೇ ಸೇರಿಕೊಂಡು, ಇ6 ಮತ್ತು ಇ7ಗಳನ್ನು ಹತೋಟಿಯಲ್ಲಿಡುವ ಇ2 ಜೀನು ಮುರಿದುಹೋಗಿರುತ್ತದೆ. ನಿನ್ನಲ್ಲಿ ಕೆಐ-67 ಕೆಳಭಾಗದಲ್ಲೇ ನಿಂತಿದೆ. ಈ ಒಂದು ಸಾಲನ್ನು ರೋಗಿಗೆ ಅರ್ಥವಾಗುವಂತೆ ವರದಿಯಲ್ಲೇ ಬರೆಯುವ ಪದ್ಧತಿ ಇದ್ದಿದ್ದರೆ ಎಷ್ಟು ಜನರ ನಿದ್ದೆ ಉಳಿಯುತ್ತಿತ್ತೋ!

ಎಚ್‌ಪಿವಿ ಸೋಂಕುಗಳಲ್ಲಿ ಹೆಚ್ಚಿನವನ್ನು ದೇಹದ ರೋಗನಿರೋಧಕ ಶಕ್ತಿಯೇ ಎರಡು ವರ್ಷಗಳೊಳಗೆ ಅಡಗಿಸುತ್ತದೆ, ಸಿಐಎನ್-1 ಕೂಡ ಬಹುಪಾಲು ತಾನಾಗಿಯೇ ಹಿಂಜರಿಯುತ್ತದೆ. ಚಿಕಿತ್ಸೆಯಿಲ್ಲದೆ ಬಿಟ್ಟ ಸಿಐಎನ್-3 ಸಹ 30 ವರ್ಷಗಳಲ್ಲಿ ಸುಮಾರು 30 ಪ್ರತಿಶತ ಮಹಿಳೆಯರಲ್ಲಿ ಮಾತ್ರ ಕ್ಯಾನ್ಸರ್ ಆಗುತ್ತದೆ. ಆದರೂ ಪ್ರಪಂಚದ ಗರ್ಭಕಂಠದ ಕ್ಯಾನ್ಸರುಗಳಲ್ಲಿ ಸುಮಾರು 70 ಪ್ರತಿಶತಕ್ಕೆ ಕಾರಣವಾದ 16 ಮತ್ತು 18ನೇ ಬಗೆಗಳಲ್ಲಿ ನಿನ್ನದೂ ಒಂದಾದ್ದರಿಂದ, ವೈದ್ಯರು ಹೇಳಿದಂತೆ ಒಂದು ವರ್ಷದ ನಂತರದ ಪರೀಕ್ಷೆಯನ್ನು ದಯವಿಟ್ಟು ಮುಂದೂಡಬೇಡ.

ಇದು ಭಾವನಿಂದಲೇ ಬಂದಿರಬಹುದೇ ಎಂದು ನೀನು ಕೇಳಿದ ಪ್ರಶ್ನೆಗೂ ಉತ್ತರಿಸಬೇಕು. ಈ ವೈರಸ್ಸು ವರ್ಷಗಟ್ಟಲೆ ಸುಳಿವಿಲ್ಲದೆ ಇರಬಲ್ಲದು. ಆದ್ದರಿಂದ ಅದು ಯಾವಾಗ, ಯಾರಿಂದ ಬಂತು ಎಂಬುದನ್ನು ಯಾವ ವರದಿಯೂ ಹೇಳಲಾರದು. ಅದನ್ನಿಟ್ಟುಕೊಂಡು ಮನಸ್ಸು ಕೆಡಿಸಿಕೊಳ್ಳಬೇಡ. ಈಗಿರುವ ಲಸಿಕೆಗಳು ಬಂದ ಸೋಂಕನ್ನು ಹೋಗಲಾಡಿಸುವುದಿಲ್ಲ, ಬರುವುದನ್ನು ತಡೆಯುತ್ತವೆ. ಮಗಳಿಗೆ ಹಾಕಿಸುವ ವಿಷಯವನ್ನು ಮುಂದಿನ ಭೇಟಿಯಲ್ಲಿಯೇ ವೈದ್ಯರೊಡನೆ ಮಾತಾಡು, ಆಗ ಈ ವರದಿಯ ಪ್ರತಿಯನ್ನೂ ಜೊತೆಗೆ ಒಯ್ಯು.

ಇಂತಿ ನಿನ್ನ ಪ್ರೀತಿಯ ತಂಗಿ