ಬುದ್ಧನೂ ಯೇಸುವೂ ಹೇಳಿದ್ದು ಒಂದೇ? ‘ಏಕೆ’ ಎಂದೂ ಕೇಳೋಣ

ಸಂಪಾದಕರಿಗೆ,

ಮಾನ್ಯರೇ,

ಬುದ್ಧಪೂರ್ಣಿಮೆ ಬಂದರೂ ಕ್ರಿಸ್‌ಮಸ್ ಬಂದರೂ ನಮ್ಮ ಶಾಲೆ, ಕಾಲೇಜುಗಳ ಭಾಷಣ ಸ್ಪರ್ಧೆಯಲ್ಲಿ ‘ಬುದ್ಧನೂ ಯೇಸುವೂ ಹೇಳಿದ್ದು ಒಂದೇ’ ಎಂಬ ಮಾತು ತಪ್ಪದೆ ಕೇಳಿಬರುತ್ತದೆ. ಒಳ್ಳೆಯ ಮನಸ್ಸಿನಿಂದ ಆಡುವ ಮಾತೇ. ಆದರೆ ಇದರಿಂದ ಮಕ್ಕಳಿಗೆ ಎರಡು ಧರ್ಮಗಳೂ ಅರ್ಧಂಬರ್ಧ ಮಾತ್ರ ತಿಳಿಯುತ್ತವೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಲು ಬೇಕಾದ ಆಕರ ಚಿತ್ರದುರ್ಗ ಜಿಲ್ಲೆಯಲ್ಲೇ ಇದೆ. ಅದನ್ನು ಬಳಸಿಕೊಳ್ಳಿ ಎಂದು ಶಿಕ್ಷಕರನ್ನು ಕೇಳಿಕೊಳ್ಳಲು ಈ ಪತ್ರ.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಅಶೋಕ ಶಾಸನವನ್ನು 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಬೆಳಕಿಗೆ ತಂದರು. ಮೌರ್ಯರ ದಕ್ಷಿಣದ ಆಡಳಿತ ಕೇಂದ್ರವಾಗಿದ್ದ ಸುವರ್ಣಗಿರಿಯಿಂದ ಇಸಿಲವೆಂಬ ಊರಿನ ಮಹಾಮಾತ್ರರಿಗೆ (ಹಿರಿಯ ಅಧಿಕಾರಿಗಳಿಗೆ) ಬಂದ, ಬಂಡೆಯ ಮೇಲೆ ಕೆತ್ತಿದ ಆದೇಶ ಅದು. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಕೊನೆಯಲ್ಲಿ ಚಪಡನೆಂಬ ಬರಹಗಾರ ‘ಲಿಪಿಕರ’ ಎಂಬ ತನ್ನ ವೃತ್ತಿಯನ್ನು ಮಾತ್ರ ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಕೆತ್ತಿದ್ದಾನೆ. ತಾಯಿತಂದೆಯರ ಮಾತು ಕೇಳಬೇಕು, ಜೀವಿಗಳ ಬಗ್ಗೆ ದಯೆ ಗಟ್ಟಿಯಾಗಿರಬೇಕು, ಸತ್ಯ ನುಡಿಯಬೇಕು, ಶಿಷ್ಯ ಆಚಾರ್ಯನನ್ನು ಗೌರವಿಸಬೇಕು ಎಂದೆಲ್ಲ ಹೇಳಿದ ಮೇಲೆ ಶಾಸನ ಕಾರಣವನ್ನೂ ಕೊಡುತ್ತದೆ: ‘ಏಸಾ ಪೋರಾಣಾ ಪಕಿತೀ ದೀಘಾವುಸೇ ಚ’. ಇದು ಹಿಂದಿನಿಂದ ಬಂದ ನಡವಳಿಕೆ, ಇದರಿಂದ ದೀರ್ಘಾಯುಸ್ಸು.

ಈಗ ಸತ್ಯವೇದದ (ಬೈಬಲಿನ) ವಿಮೋಚನಕಾಂಡ 20:12 ತೆಗೆಯಿರಿ. ತಂದೆತಾಯಿಯರನ್ನು ಸನ್ಮಾನಿಸು, ಹಾಗೆ ಮಾಡಿದರೆ ನಿನ್ನ ದೇವರು ನಿನಗೆ ಕೊಡುವ ನಾಡಿನಲ್ಲಿ ಬಹುಕಾಲ ಬಾಳುವೆ ಎಂಬುದು ಅದರ ತಿರುಳು. (ದೇವರು ಮೋಶೆಗೆ ಕೊಟ್ಟ ಹತ್ತು ಆಜ್ಞೆಗಳಲ್ಲಿ ಕೆಥೋಲಿಕರ ಎಣಿಕೆಯಂತೆ ಇದು ನಾಲ್ಕನೆಯದು, ಹೆಚ್ಚಿನ ಪ್ರೊಟೆಸ್ಟೆಂಟರ ಎಣಿಕೆಯಲ್ಲಿ ಐದನೆಯದು. ರಸಪ್ರಶ್ನೆ ನಡೆಸುವವರು ಇದನ್ನು ಗಮನಿಸಬೇಕು.) ಹೇಳಿದ ನಡತೆ ಒಂದೇ, ಫಲವೂ ದೀರ್ಘಾಯುಸ್ಸೇ. ಆದರೆ ಬಂಡೆಯ ಸಾಲಿನಲ್ಲಿ ಫಲ ಕೊಡುವವರು ಯಾರೂ ಇಲ್ಲ, ನಡತೆಯಿಂದಲೇ ಅದು ಒದಗುತ್ತದೆ. ಆಜ್ಞೆಯಲ್ಲಿ ಕೊಡುವವನು ದೇವರು.

ಅದೇ ಬಂಡೆಯ ಮೇಲೆ ಅಶೋಕ ತಾನು ಉಪಾಸಕನೆಂದು (ಬುದ್ಧನ ಗೃಹಸ್ಥ ಅನುಯಾಯಿಯೆಂದು) ಹೇಳಿಕೊಂಡಿದ್ದರೂ ಈ ಸಾಲುಗಳು ಎಲ್ಲ ಪ್ರಜೆಗಳಿಗೆ ಹೇಳಿದ ಮಾತು. ಬೌದ್ಧರ ನಿಲುವು ತಿಳಿಯಬೇಕಾದರೆ ಬುದ್ಧನ ಮಾತುಗಳ ಪಾಲಿ ಸಂಗ್ರಹವಾದ ಧಮ್ಮಪದಕ್ಕೇ ಹೋಗಬೇಕು. ಅಲ್ಲಿಯೂ ಇದೇ ಎಳೆ ಸಿಗುತ್ತದೆ. ವೈರದಿಂದ ವೈರ ಶಮನವಾಗದು, ಅವೈರದಿಂದಲೇ ಆಗುತ್ತದೆ ಎನ್ನುವ 5ನೆಯ ಗಾಥೆ (ಪದ್ಯ) ಮುಗಿಯುವುದು ‘ಏಸ ಧಮ್ಮೋ ಸನಂತನೋ’ ಎಂದು. ಲೋಕದ ನಿಯಮವೇ ಹಾಗೆ ಎಂದು. ಮತ್ತಾಯ 5:44ರಲ್ಲಿ ಯೇಸು ವೈರಿಗಳನ್ನು ಪ್ರೀತಿಸಿರಿ ಎನ್ನುತ್ತಾನೆ. ಮುಂದಿನ ವಚನದಲ್ಲೇ ಕಾರಣವಿದೆ: ಪರಲೋಕದ ತಂದೆ ಕೆಟ್ಟವರ ಮೇಲೂ ಒಳ್ಳೆಯವರ ಮೇಲೂ ಸೂರ್ಯ ಮೂಡುವಂತೆ ಮಾಡುತ್ತಾನೆ, ನೀವು ಆ ತಂದೆಗೆ ತಕ್ಕ ಮಕ್ಕಳಾಗಿರಿ. ಭಾಷಣಗಳಲ್ಲಿ ಮೊದಲ ಅರ್ಧವನ್ನಷ್ಟೇ ಉದ್ಧರಿಸಿ ಕಾರಣವನ್ನು ಕೈಬಿಡುತ್ತಾರೆ. ಎಡವಟ್ಟು ಆಗುವುದು ಅಲ್ಲೇ.

ಬೌದ್ಧ ಗೃಹಸ್ಥರ ಐದು ನಿಯಮಗಳಾದ ಪಂಚಶೀಲವನ್ನು ಹತ್ತು ಆಜ್ಞೆಗಳ ಜೊತೆ ಹೋಲಿಸುವಾಗಲೂ ಕೊಲೆ, ಕಳವು, ವ್ಯಭಿಚಾರ, ಸುಳ್ಳು ಎಂಬ ನಾಲ್ಕು ಹೊಂದುತ್ತವೆಂದು ಅಲ್ಲಿಗೇ ನಿಲ್ಲಿಸುತ್ತಾರೆ. ‘ಪಾಣಾತಿಪಾತಾ ವೇರಮಣೀ ಸಿಕ್ಖಾಪದಂ ಸಮಾದಿಯಾಮಿ’ ಎಂದರೆ ಜೀವಹಿಂಸೆಯಿಂದ ದೂರವಿರುವ ಶಿಕ್ಷಾಪದವನ್ನು ಸ್ವೀಕರಿಸುತ್ತೇನೆ ಎಂದು. ಹೇಳುವವನು ತಾನಾಗಿ ಕೈಗೊಳ್ಳುವ ಅಭ್ಯಾಸ ಅದು, ಇರುವೆಗೂ ಅನ್ವಯ. ಮೋಶೆಗೆ ಬಂದದ್ದು ‘ಮಾಡಬೇಡ’ ಎಂಬ ದೇವರ ಅಪ್ಪಣೆ. ಅಲ್ಲಿ ನಿಷೇಧಿಸಿದ್ದು ನರಹತ್ಯೆ. ಐದನೆಯ ಶೀಲ ಮದ್ಯಪಾನ ಬಿಡುವುದು. ಚರ್ಚಿನಲ್ಲಾದರೋ ದ್ರಾಕ್ಷಾರಸ ಪವಿತ್ರ ಸಂಸ್ಕಾರದ ಭಾಗ.

ಹೆಚ್ಚು ದಾರಿ ತಪ್ಪಿಸುವುದು ನಮ್ಮ ಕನ್ನಡ ಪದಗಳೇ. ‘ಪುನರುತ್ಥಾನ’ವನ್ನೂ ‘ಪುನರ್ಜನ್ಮ’ವನ್ನೂ ಒಂದೆಂದು ಬರೆಯುವುದುಂಟು. ಪುನರುತ್ಥಾನ ಒಂದೇ ಸಲ: ಸತ್ತವರು ದೇಹಸಹಿತ ಎದ್ದುಬರುವುದು. ಯೇಸು ಮೂರನೆಯ ದಿನ ಎದ್ದನೆಂಬುದೇ ಕ್ರೈಸ್ತ ನಂಬಿಕೆಯ ಬುನಾದಿ, ನಿತ್ಯಜೀವ ಅವರ ನಿರೀಕ್ಷೆ. ಬೌದ್ಧರಿಗೆ ಮತ್ತೆ ಮತ್ತೆ ಹುಟ್ಟುವುದೇ ದುಃಖ; ತೃಷ್ಣೆ ಆರಿದಾಗ ಆ ಸುತ್ತು ನಿಲ್ಲುವುದು ನಿರ್ವಾಣ. ಅಲ್ಲಿ ಹುಟ್ಟಿನಿಂದ ಹುಟ್ಟಿಗೆ ಸಾಗುವ ಆತ್ಮವೆಂಬ ವಸ್ತುವೂ ಇಲ್ಲ. ‘ಶರಣಂ ಗಚ್ಛಾಮಿ’ ಎಂಬುದನ್ನೂ ದೇವರಿಗೆ ಶರಣಾದಂತೆ ಓದಬಾರದು. ಪ್ರಯತ್ನ ನಿಮ್ಮದೇ, ತಥಾಗತರು (ಬುದ್ಧರು) ದಾರಿ ತೋರುವವರು ಮಾತ್ರ ಎನ್ನುತ್ತದೆ ಧಮ್ಮಪದದ 276ನೆಯ ಗಾಥೆ. ಕ್ರೈಸ್ತರಿಗೆ ರಕ್ಷಣೆ ದೇವರ ಕೃಪೆಯಿಂದ. ಹಾಗೆಂದು ‘ಕ್ರೈಸ್ತರಿಗೆ ನಂಬಿಕೆ ಸಾಕು, ನಡತೆ ಬೇಡ’ ಎಂದರೆ ಅದೂ ತಪ್ಪು. ಕ್ರಿಯೆಯಿಲ್ಲದ ನಂಬಿಕೆ ಸತ್ತದ್ದು ಎಂದು ಯಾಕೋಬನ ಪತ್ರಿಕೆ ಖಡಾಖಂಡಿತವಾಗಿ ಹೇಳುತ್ತದೆ. ಬೌದ್ಧರಲ್ಲೂ ಅಮಿತಾಭ ಬುದ್ಧನ ಕರುಣೆಯನ್ನೇ ನೆಚ್ಚಿದ ಜಪಾನಿನ ಪಂಥವಿದೆ.

ಮುಂದಿನ ಸ್ಪರ್ಧೆಗೆ ‘ಸರ್ವಧರ್ಮ ಸಮನ್ವಯ’ದಂಥ ಅಗಲವಾದ ವಿಷಯ ಕೊಡುವ ಬದಲು ಎರಡೇ ಸಾಲು ಕೊಡಿ: ಒಂದು ಗಾಥೆ, ಒಂದು ವಚನ. ಏನು ಮಾಡಬೇಕೆಂದು ಹೇಳಿದೆ, ಏಕೆಂದು ಹೇಳಿದೆ ಎಂಬುದನ್ನು ಮಕ್ಕಳು ಬೇರೆ ಬೇರೆ ಬರೆಯಲಿ. ಬರೆದದ್ದನ್ನು ಚರ್ಚಿನ ಹಿರಿಯರೊಬ್ಬರಿಗೂ ಬೌದ್ಧ ಉಪಾಸಕರೊಬ್ಬರಿಗೂ ತೋರಿಸಿ. ‘ಹೌದು, ನಾವು ನಂಬುವುದು ಇದನ್ನೇ’ ಎಂದು ಅವರು ಒಪ್ಪಿದರೆ ಅಂಕ ಕೊಡಿ. ಬ್ರಹ್ಮಗಿರಿಗೆ ಪ್ರವಾಸ ಹೋಗುವವರು ಶಾಸನದ ಕನ್ನಡ ಅನುವಾದದ ಪ್ರತಿ ಜೊತೆಗೊಯ್ಯಲಿ. ಅಕ್ಷರ ಎದ್ದು ಕಾಣಲೆಂದು ಸೀಮೆಸುಣ್ಣ ಉಜ್ಜುವುದು, ನೀರು ಸುರಿಯುವುದು ದಯವಿಟ್ಟು ಬೇಡ. ಬೆಳಗ್ಗೆ ಅಥವಾ ಸಂಜೆಯ ಓರೆಬಿಸಿಲಿನಲ್ಲಿ ನಿಂತರೆ ಗೆರೆಗಳು ತಾವಾಗಿಯೇ ಕಾಣುತ್ತವೆ.

– ಓದುಗರೊಬ್ಬರು, ಚಿತ್ರದುರ್ಗ