ಅಡುಗೆಯ ಅಳತೆಯಲ್ಲೂ ಊರಿನ ಚರಿತ್ರೆಯಿದೆ

ಸಂಪಾದಕರಿಗೆ,

ಮಾನ್ಯರೇ,

ತಮ್ಮ ಪತ್ರಿಕೆಯಲ್ಲಿ ಸ್ಥಳೀಯ ಚರಿತ್ರೆಗೆ ಒಂದು ಪುರವಣಿಯಲ್ಲಿ, ಅಡುಗೆಗೆ ಇನ್ನೊಂದು ಪುರವಣಿಯಲ್ಲಿ ಜಾಗವಿದೆ. ಎರಡನ್ನೂ ತಪ್ಪದೆ ಓದಿ, ಕತ್ತರಿಸಿ, ಒಂದೇ ಕಡತದಲ್ಲಿ ಅಂಟಿಸಿಡುವವಳು ನಾನು. ಶಾಸನ, ಹಳೆಯ ಅಡುಗೆ, ಗಂಜೀಫಾ ಎಂಬ ಹಳೆಯ ಆಟದ ಎಲೆಗಳು, ಕೇರಿಗಳ ಹೆಸರು, ದೇವರಾಜ ಮಾರುಕಟ್ಟೆಗೆ ಬರುವ ಸೊಪ್ಪು ತರಕಾರಿ, ಹೀಗೆ ನನ್ನ ಆಸಕ್ತಿಗಳು ಹಲವು. ಬ್ಯಾಂಕಿನ ಕೆಲಸದಿಂದ ನಿವೃತ್ತಳಾದ ಮೇಲೆ ನನ್ನ ತಮ್ಮ ಮನೆಗೆ ಬಂದಾಗಲೆಲ್ಲ, "ಯಾವುದಾದರೂ ಒಂದನ್ನು ಹಿಡಿದು ಕೂರಬಾರದೇ ಅಕ್ಕ?" ಎನ್ನುತ್ತಾನೆ. ಇವೆಲ್ಲ ನನಗೆ ಬೇರೆ ಬೇರೆಯಾಗಿ ಕಾಣುವುದಿಲ್ಲ ಎಂದು ಅವನಿಗೆ ಹೇಳುತ್ತ ಬಂದಿರುವುದನ್ನೇ, ಒಂದು ಕೋರಿಕೆಯೊಡನೆ, ಇಲ್ಲಿ ಬರೆಯುತ್ತಿದ್ದೇನೆ.

ಮೇಲುಕೋಟೆಯ ಕಡೆಯವರಾದ ನಮ್ಮ ತಾಯಿ ಒಂದು ಅಡುಗೆ ಪುಸ್ತಕ ಬರೆದಿಟ್ಟಿದ್ದರು. ಅದರಲ್ಲಿ ಪುಳಿಯೋಗರೆ ಗೊಜ್ಜಿಗೆ "ಹುಣಸೆಹಣ್ಣು ಒಂದು ಸೇರು, ಮೆಣಸಿನಕಾಯಿ ಐವತ್ತು" ಎಂದಿದೆ. ಸೇರೆಂದರೆ ಹೆಚ್ಚುಕಡಿಮೆ ಒಂದು ಕಿಲೋ ಎಂದು ತಿಳಿದು ನಾನು ಮಾಡಿದ ಮೊದಲ ಗೊಜ್ಜನ್ನು ಬಾಯಿಗಿಡಲಾಗಲಿಲ್ಲ, ಅಷ್ಟು ಹುಳಿಯಾಗಿತ್ತು. ಪಕ್ಕದ ಮನೆಯ ಹಿರಿಯರೊಬ್ಬರು ಅದನ್ನು ರುಚಿ ನೋಡಿ, "ನೀನು ಪಕ್ಕಾ ಸೇರು ಹಾಕಿದ್ದೀಯಮ್ಮ, ನಿಮ್ಮಮ್ಮ ಬರೆದದ್ದು ಕಚ್ಚಾ ಸೇರು" ಎಂದರು. ಪಕ್ಕಾ ಸೇರು 80 ತೊಲ, ಅಂದರೆ ಸುಮಾರು 933 ಗ್ರಾಂ. ಹಳೆಯ ಮೈಸೂರು ಸೀಮೆಯ ಕಚ್ಚಾ ಸೇರು 24 ತೊಲ, ಸುಮಾರು 280 ಗ್ರಾಂ. ಎಣಿಸಿ ಹಾಕುವ ಮೆಣಸಿನಕಾಯಿಯ ಲೆಕ್ಕ ಮಾತ್ರ ಹಾಗೆಯೇ ಉಳಿದದ್ದರಿಂದ ಹದ ಕೆಟ್ಟಿತ್ತು. ಎರಡನೆಯ ಸಲ 280 ಗ್ರಾಂ ಹುಣಸೆಹಣ್ಣು ನೆನೆಹಾಕಿ ಮಾಡಿದಾಗ, ತಾಯಿ ತೀರಿಕೊಂಡು ಹದಿನೇಳು ವರ್ಷಗಳ ಮೇಲೆ, ಅವರ ಕೈರುಚಿ ನಮ್ಮ ಮನೆಗೆ ಮರಳಿತು.

ಅದೇ ಪುಸ್ತಕದಲ್ಲಿ ಸಕ್ಕರೆ ಪೊಂಗಲಿಗೆ ತುಪ್ಪದ ಅಳತೆ "ಸೊಲಿಗೆ" ಎಂದಿದೆ. ಆ ಮಾತಿನ ಜಾಡು ಹಿಡಿದು ಶಾಸನ ಸಂಪುಟಗಳನ್ನು ತಿರುವತೊಡಗಿದೆ. ದೇವಾಲಯದ ನಂದಾದೀವಿಗೆಗೆ ಪ್ರತಿ ಗಾಣದಿಂದ ಸೊಲ್ಲಗೆ (ಸೊಲಿಗೆಯ ಹಳೆಯ ರೂಪ) ಎಣ್ಣೆ ಬಿಟ್ಟರೆಂದು ನೂರಾರು ವರ್ಷಗಳ ಹಿಂದಿನ ಶಾಸನಗಳು ಹೇಳುತ್ತವೆ. ನೈವೇದ್ಯದ ಅಕ್ಕಿಯನ್ನೂ, ದತ್ತಿ ಬಿಟ್ಟ ಗದ್ದೆಯನ್ನೂ (ಅದಕ್ಕೆ ಬೇಕಾದ ಬಿತ್ತನೆಯ ಮೇಲೆ) ಕೊಳಗ, ಖಂಡುಗಗಳೆಂಬ ಧಾನ್ಯದ ಅಳತೆಗಳಲ್ಲಿ ಲೆಕ್ಕ ಹಾಕಿರುವುದು ಅಲ್ಲಿ ಕಾಣುತ್ತದೆ. ಇಪ್ಪತ್ತು ಕೊಳಗ ಸೇರಿದರೆ ಒಂದು ಖಂಡುಗ. ಕಲ್ಲಿನ ಮೇಲೆ ಕೊರೆದ ಮಾತನ್ನು ತಾಯಿಯ ಕೈಬರಹದಲ್ಲಿ ಕಂಡಾಗ ಆದ ಸಂತೋಷವನ್ನು ಹೇಳಲು ನನಗೆ ಮಾತು ಸಾಲದು.

ನಮ್ಮ ಸೀಮೆಯಲ್ಲಿ ಹೀಗೆ ಅಡುಗೆ, ಆಟಗಳನ್ನು ವಿದ್ಯೆಯೊಡನೆ ಬೆರೆಸುವುದು ಹೊಸ ಚಾಳಿಯೂ ಅಲ್ಲ. ಹುಣಸೂರಿನ ಕಡೆಯ ಕಲ್ಲಹಳ್ಳಿಯ ಅರಸನಾಗಿದ್ದ ಮೂರನೆಯ ಮಂಗರಸ, 16ನೇ ಶತಮಾನದ ಆರಂಭದಲ್ಲಿ, ಜೈನ ಕಾವ್ಯಗಳನ್ನು ಬರೆದ ಕೈಯಲ್ಲೇ ಅಡುಗೆಯನ್ನು ಕುರಿತ 'ಸೂಪಶಾಸ್ತ್ರ'ವನ್ನೂ ವಾರ್ಧಕ ಷಟ್ಪದಿಯಲ್ಲಿ ಬರೆದ. ಮುಮ್ಮಡಿ ಕೃಷ್ಣರಾಜ ಒಡೆಯರು ದೇವತೆಗಳ ರೂಪಲಕ್ಷಣಗಳನ್ನು ವಿವರಿಸುವ 'ಶ್ರೀತತ್ತ್ವನಿಧಿ'ಯಲ್ಲಿಯೇ ಕೌತುಕನಿಧಿಯೆಂಬ ಭಾಗವನ್ನಿರಿಸಿ ಎಲೆಯಾಟಗಳನ್ನು ವರ್ಣಿಸಿದರು. ಅಡುಗೆಯನ್ನೂ ಆಟವನ್ನೂ ಇವರು ವಿದ್ಯೆಯ ಹೊರಗಿಡಲಿಲ್ಲ.

ಈಗ ನನ್ನ ಕೋರಿಕೆ. ತಮ್ಮಲ್ಲಿ ಅಚ್ಚಾಗುವ ಅಡುಗೆಗಳಲ್ಲಿ ಎಲ್ಲ ಅಳತೆಗಳೂ ಕಪ್ಪು, ಚಮಚಗಳಿಗೆ ಬದಲಾಗಿರುತ್ತವೆ. ಅದು ಯಾವ ಊರಿನ, ಯಾರ ಮನೆಯ ಪಾಕವೆಂಬುದೂ ಬಿಟ್ಟುಹೋಗಿರುತ್ತದೆ. ಹೊಸದಾಗಿ ಅಡುಗೆ ಕಲಿಯುವವರಿಗೆ ಕಪ್ಪಿನ ಲೆಕ್ಕ ಬೇಕೇ ಬೇಕು, ಅದನ್ನು ತೆಗೆಯಿರೆಂದು ನಾನು ಹೇಳುತ್ತಿಲ್ಲ. ಅದರ ಜೊತೆಗೆ, ಹೇಳಿದವರ ಬಾಯಲ್ಲಿ ಬಂದ ಪಾವು, ಅಚ್ಚೇರು, ಚಟಾಕುಗಳಂಥ ಹಳೆಯ ಅಳತೆಗಳನ್ನೂ ಊರಿನ ಹೆಸರನ್ನೂ ಉಳಿಸಿಕೊಳ್ಳಿರಿ ಎಂಬುದಷ್ಟೇ ಪ್ರಾರ್ಥನೆ. ಹಾಗೆಯೇ ಮೈಸೂರು ಮತ್ತು ಮಂಡ್ಯ ಜಿಲ್ಲೆಗಳ ಪುಟದಲ್ಲಿ ಹದಿನೈದು ದಿನಕ್ಕೊಮ್ಮೆಯಾದರೂ ಓದುಗರ ಮನೆಯ ಇಂಥ ಟಿಪ್ಪಣಿಗಳಿಗೆ ಅರ್ಧ ಅಂಕಣ ಕೊಡಬೇಕು. ನಂಜನಗೂಡು ರಸಬಾಳೆಯ ತೋಟಗಳನ್ನು ಸೊರಗು ರೋಗ ಹಾಳುಮಾಡುವ ಮುಂಚೆ ಆ ಹಣ್ಣನ್ನು ಮನೆಯಲ್ಲಿ ಹೇಗೆಲ್ಲ ಬಳಸುತ್ತಿದ್ದರು, ಈರನಗೆರೆ ಬದನೆಯನ್ನು ಯಾವ ಅಡುಗೆಗೆ ಆರಿಸುತ್ತಿದ್ದರು ಎಂಬುದನ್ನು ಕಂಡು ಹೇಳಬಲ್ಲವರು ಈ ಎರಡೂ ಜಿಲ್ಲೆಗಳಲ್ಲಿ ಇನ್ನೂ ಇದ್ದಾರೆ.

ಈ ಕೆಲಸ ಬೇಗ ಆಗಬೇಕೆಂದು ಒತ್ತಿ ಹೇಳಲು ಕಾರಣವಿದೆ. 1956ರ ಕಾಯ್ದೆಯ ಮೇಲೆ ಮೆಟ್ರಿಕ್ ಪದ್ಧತಿ ಹಂತಹಂತವಾಗಿ ಜಾರಿಗೆ ಬಂದು, 1962ರ ಹೊತ್ತಿಗೆ ಅಂಗಡಿಗಳಲ್ಲಿ ಕಿಲೋ ತೂಕ ಕಡ್ಡಾಯವಾಯಿತು. ಆಗ ಇಪ್ಪತ್ತರ ಹರೆಯದಲ್ಲಿ ಸೇರಿನಲ್ಲಿ ಅಳೆದು ಅಡುಗೆ ಮಾಡಿದವರು ಇಂದು ಎಂಬತ್ತು ದಾಟಿದ್ದಾರೆ. ನನಗೆ ಸೇರಿನ ಲೆಕ್ಕ ಹೇಳಿಕೊಟ್ಟ ಆ ಹಿರಿಯರು ಕಳೆದ ಮಾಘದಲ್ಲಿ ತೀರಿಕೊಂಡರು. ಅವರ ಮೈಸೂರು ಪಾಕಿನ ಲೆಕ್ಕವನ್ನು ನಾನು ಕೇಳಿ ಬರೆದುಕೊಂಡಿರಲಿಲ್ಲ.

ತಾಯಿಯ ಪುಸ್ತಕವನ್ನು ಪುಟಪುಟವಾಗಿ ನಕಲು ಮಾಡಿ, ಪ್ರತಿ ಅಳತೆಯ ಪಕ್ಕದಲ್ಲಿ ಗ್ರಾಂ ಲೆಕ್ಕ ಬರೆದಿಟ್ಟಿದ್ದೇನೆ. ಅಂಕಣ ಆರಂಭವಾಗುವುದಾದರೆ ಅದನ್ನು ಕಚೇರಿಗೆ ತಂದೊಪ್ಪಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಬ್ಯಾಂಕ್ ಉದ್ಯೋಗಿ,
ಕುವೆಂಪುನಗರ, ಮೈಸೂರು