ಐವಿಎಫ್ ಚೀಟೀಲಿ ಸೇರ್ಕೊಳ್ಳೋ ಎಕ್ಸ್‌ಟ್ರಾ ಔಷಧಿಗಳಿಗೆ ಲೆಕ್ಕ ಕೊಡೋರ್ಯಾರು?

ಸಂಪಾದಕರಿಗೆ ನಮಸ್ಕಾರ,

ಐವಿಎಫ್ (ದೇಹದ ಹೊರಗೆ ಭ್ರೂಣ ಮಾಡಿ ಗರ್ಭಕೋಶಕ್ಕೆ ಹಾಕೋ ಚಿಕಿತ್ಸೆ) ಜಾಹೀರಾತು ಬಸ್ ಸ್ಟಾಪಿಂದ ಹಿಡಿದು ಮೊಬೈಲ್ ತನಕ ಎಲ್ಲಾ ಕಡೆ ಇದೆ, ಆದ್ರೆ ಭ್ರೂಣ ಗರ್ಭಕೋಶದಲ್ಲಿ ಅಂಟ್ಕೊಳ್ಲಿ ಅಂತ ಬರೆದುಕೊಡೋ ಎಕ್ಸ್‌ಟ್ರಾ ಔಷಧಿಗಳ ಬಗ್ಗೆ ಯಾರೂ ಮಾತಾಡಲ್ಲ. ನಮ್ಮ ಅತ್ತಿಗೆಗೆ ಟ್ರಾನ್ಸ್‌ಫರ್ (ಭ್ರೂಣವನ್ನ ಗರ್ಭಕೋಶಕ್ಕೆ ಹಾಕೋದು) ಫೇಲ್ ಆದ್ಮೇಲೆ ಮುಂದಿನ ಸಲಕ್ಕೆ ರಕ್ತ ಹೆಪ್ಪುಗಟ್ಟದ ಹಾಗೆ ತಡೆಯೋ ಆಸ್ಪಿರಿನ್, ಹೆಪಾರಿನ್ ಇಂಜೆಕ್ಷನ್, ಪ್ರೆಡ್ನಿಸೋಲೋನ್ ಅನ್ನೋ ಸ್ಟೀರಾಯ್ಡ್, ಸಾಲದ್ದಕ್ಕೆ ಇಂಟ್ರಾಲಿಪಿಡ್ ಡ್ರಿಪ್ ಬೇರೆ ಸೇರ್ಕೊಂಡ್ವು. ಹೆಪಾರಿನ್ ಚುಚ್ಕೊಂಡು ಚುಚ್ಕೊಂಡು ಹೊಕ್ಕಳ ಸುತ್ತ ಪೂರ್ತಿ ನೀಲಿಗಟ್ಟಿತ್ತು. ಯಾಕೆ ಬೇಕು ಅಂತ ಕೇಳಿದ್ರೆ "ಸಪೋರ್ಟ್‌ಗೆ" ಅಂದ್ರು, ಅಷ್ಟೇ.

ಈ ಇಂಟ್ರಾಲಿಪಿಡ್ ಅಂದ್ರೆ ಸೋಯಾ ಎಣ್ಣೆ, ಮೊಟ್ಟೆ ಹಳದಿಯಿಂದ ತೆಗೆದ ಕೊಬ್ಬಿನಂಶ, ಗ್ಲಿಸರಿನ್ ಸೇರಿಸಿ ಮಾಡಿರೋ ಹಾಲಿನ ಥರದ ಬಿಳೀ ದ್ರವ, ಬಾಯಲ್ಲಿ ಊಟ ಸೇರದ ರೋಗಿಗಳಿಗೆ ರಕ್ತನಾಳದಲ್ಲಿ ಆಹಾರ ಕೊಡೋಕೆ ಅಂತ ಬಂದಿದ್ದು. ದೇಹದ ಎನ್‌ಕೆ ಕಣಗಳು (ರೋಗದ ವಿರುದ್ಧ ಹೋರಾಡೋ ಒಂದು ಥರದ ಬಿಳಿ ರಕ್ತಕಣ) ಭ್ರೂಣದ ಮೇಲೆ ಬೀಳದ ಹಾಗೆ ಇದು ತಡೆಯುತ್ತೆ ಅನ್ನೋ ಥಿಯರಿ ಮೇಲೆ ಐವಿಎಫ್‌ಗೆ ತಂದಿದ್ದಾರೆ. ಮೊಟ್ಟೆ, ಸೋಯಾ ಅಲರ್ಜಿ ಇದೆಯಾ ಅಂತ ಒಂದು ಮಾತು ಕೇಳ್ಲಿಲ್ಲ. (ಮೊಟ್ಟೇನ ಹೊಸ್ತಿಲ ಒಳಗೇ ಬಿಡದ ನಮ್ಮಮ್ಮಂಗೆ ಇದನ್ನ ಇನ್ನೂ ಹೇಳಿಲ್ಲ ಬಿಡಿ!)

ಸ್ಟೀರಾಯ್ಡ್ ವಿಷ್ಯಕ್ಕೆ ಬಂದ್ರೆ, ಟ್ರಾನ್ಸ್‌ಫರ್ ಎರಡು ಅಥವಾ ಜಾಸ್ತಿ ಸಲ ಫೇಲ್ ಆಗಿದ್ದ 715 ಹೆಂಗಸರ ಮೇಲೆ ಚೀನಾದಲ್ಲಿ ಒಂದು ಟ್ರಯಲ್ ಮಾಡಿ 2023ರಲ್ಲಿ ರಿಸಲ್ಟ್ ಪ್ರಕಟಿಸಿದ್ರು. ಅರ್ಧ ಜನಕ್ಕೆ ದಿನಕ್ಕೆ 10 ಮಿ.ಗ್ರಾಂ ಪ್ರೆಡ್ನಿಸೋನ್ (ಪ್ರೆಡ್ನಿಸೋಲೋನ್ ಥರದ್ದೇ ಸ್ಟೀರಾಯ್ಡ್), ಉಳಿದೋರಿಗೆ ನೋಡೋಕೆ ಹಾಗೇ ಇರೋ ಔಷಧಿಯಿಲ್ಲದ ಮಾತ್ರೆ. ಮಗು ಕೈಗೆ ಬಂದಿದ್ದು ಸ್ಟೀರಾಯ್ಡ್ ತಗೊಂಡೋರಲ್ಲಿ ಶೇ 37.8, ತಗೊಳ್ಳದೋರಲ್ಲಿ ಶೇ 38.8. ಅಂದ್ರೆ ಉಪಯೋಗ ಆಗಿಲ್ಲ, ಸಾಲದ್ದಕ್ಕೆ ದಿನ ತುಂಬೋ ಮುಂಚೆ ಹೆರಿಗೆ ಆಗಿದ್ದು ಸ್ಟೀರಾಯ್ಡ್ ಗುಂಪಲ್ಲೇ ಜಾಸ್ತಿ.

ಹಾಗಂತ ಯಾರೂ ಔಷಧಿ ತಾವಾಗೇ ನಿಲ್ಲಿಸಬೇಡಿ. ಫ್ರೀಜ್ ಮಾಡಿದ ಭ್ರೂಣವನ್ನ ಹಾರ್ಮೋನ್ ಮಾತ್ರೆ ಕೊಟ್ಟು ತಯಾರು ಮಾಡಿದ ಗರ್ಭಕೋಶಕ್ಕೆ ಹಾಕಿದಾಗ ಗರ್ಭ ನಿಲ್ಲೋಕೆ ಬೇಕಾದ ಪ್ರೊಜೆಸ್ಟರಾನ್ ಹಾರ್ಮೋನ್ ಇಲ್ಲದೇ ಆಗೋದೇ ಇಲ್ಲ, ಅದು ಎಕ್ಸ್‌ಟ್ರಾ ಅಲ್ಲ. ಆಂಟಿಫಾಸ್ಫೋಲಿಪಿಡ್ ಸಿಂಡ್ರೋಮ್ (ರಕ್ತ ಸುಲಭವಾಗಿ ಹೆಪ್ಪುಗಟ್ಟೋ ಕಾಯಿಲೆ) ಇದ್ದು ಪದೇಪದೇ ಅಬಾರ್ಷನ್ ಆಗೋರಿಗೆ ಆಸ್ಪಿರಿನ್, ಹೆಪಾರಿನ್ ಕೊಡೋಕೆ ಕಾರಣ ಇದೆ. ಆ ಕಾಯಿಲೆ ಇದೆಯೋ ಇಲ್ವೋ ಟೆಸ್ಟೇ ಮಾಡಿಸದೆ ಬಂದೋರಿಗೆಲ್ಲ ಅದೇ ಚೀಟಿ ಬರೆಯೋದು ನನ್ನ ಪ್ರಕಾರ ಸರಿಯಲ್ಲ.

ಬ್ರಿಟನ್‌ನಲ್ಲಿ ಸರ್ಕಾರಿ ನಿಯಂತ್ರಣ ಸಂಸ್ಥೆನೇ ಇಂಥ ಆಡ್-ಆನ್‌ಗಳಿಗೆ ಬಣ್ಣದ ರೇಟಿಂಗ್ ಕೊಟ್ಟು ಜನ ನೋಡೋ ಹಾಗೆ ಹಾಕಿದೆ. ನಮ್ಮಲ್ಲೂ 2021ರ ಎಆರ್‌ಟಿ (ಐವಿಎಫ್ ಥರದ ಚಿಕಿತ್ಸೆಗಳ) ಕಾಯ್ದೆ ಪ್ರಕಾರ ಚಿಕಿತ್ಸೆಯ ಅನುಕೂಲ, ಅನಾನುಕೂಲ, ಖರ್ಚು, ಸೈಡ್ ಎಫೆಕ್ಟ್ ಎಲ್ಲಾ ಕ್ಲಿನಿಕ್‌ನೋರು ಹೇಳ್ಲೇಬೇಕು, ಆದ್ರೆ ಅತ್ತಿಗೆ ಕೈಗೆ ಬಂದಿದ್ದು ಇಂಗ್ಲಿಷ್ ಫಾರಂ ಕಂತೆ, ಸಹಿ ಹಾಕೋ ಜಾಗಕ್ಕೆ ಪೆನ್ಸಿಲ್ ಗುರುತು. ಪ್ರತೀ ಎಕ್ಸ್‌ಟ್ರಾ ಔಷಧಿಗೂ ಯಾಕೆ ಕೊಡ್ತಿದ್ದೀವಿ, ಕೆಲಸ ಮಾಡುತ್ತೆ ಅನ್ನೋಕೆ ಆಧಾರ ಎಷ್ಟಿದೆ, ರೇಟ್ ಎಷ್ಟು ಅಂತ ಕನ್ನಡದಲ್ಲಿ ಒಂದು ಹಾಳೆ ಕೊಡೋದನ್ನ ರಾಜ್ಯದ ಆರೋಗ್ಯ ಇಲಾಖೆ ಕಡ್ಡಾಯ ಮಾಡ್ಲಿ, ಬಿಲ್‌ನಲ್ಲೂ "ಪ್ಯಾಕೇಜ್" ಅಂತ ಒಂದೇ ಸಾಲು ಬರೆಯೋ ಬದ್ಲು ಒಂದೊಂದನ್ನೂ ಬಿಡಿಸಿ ಬರೀಲಿ.

ಇತಿ,
ಒಬ್ಬ ಓದುಗರು, ಬೆಂಗಳೂರು